ಸ್ಪ್ಯಾನಿಷ್ ಕಲಿತ ದನಿ

"ನಿಮ್ಮ ಜೊತೆ ಹೇಳ್ತಾ ಇರೋರು ಯಾರು, ನಾಗಶ್ರೀ?"

ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ನಾಗಶ್ರೀ ತಲೆಯೆತ್ತಿದಳು. ಎದುರಿಗೆ ಷಡಕ್ಷರಿ ನಿಂತಿದ್ದ, ಕೈಯಲ್ಲಿ ಫೋನು. ನಗುತ್ತಲೇ ಕೇಳಿದ್ದ, ಆದರೆ ಉತ್ತರಕ್ಕೆ ಕಾದು ನಿಂತ ರೀತಿ ನೋಡಿದರೆ ತಮಾಷೆ ಅನ್ನಿಸಲಿಲ್ಲ.

"ಯಾವಾಗ ಸಾ?"

"ನೆನ್ನೆ ಸಂಜೆ ಕಳಿಸಿದ್ರಲ್ಲ, ಹೋಂವರ್ಕಿನ ವಾಯ್ಸ್ ನೋಟು."

"ಯಾರೂ ಇರ್ನಿಲ್ಲ ಸಾ. ನಾನೊಬ್ಳೇ."

"ಇನ್ನೊಂದು ದನಿ ಅದೆ. ಗಂಡಸಿನ ದನಿ."

ಪಕ್ಕದಲ್ಲಿ ಕೂತಿದ್ದ ಜ್ಯೋತಿಲಕ್ಷ್ಮಿ ಕೆಮ್ಮಿದಳು. ಅನ್ನ ನೆತ್ತಿಗೆ ಹತ್ತಿ ಬಂದ ಕೆಮ್ಮಲ್ಲ ಅದು, ಸುಮ್ಮನೆ ಬಂದ ಕೆಮ್ಮು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾಗಶ್ರೀಗೆ ಕಿವಿ ಬಿಸಿಯಾಯಿತು. ಈ ಮನುಷ್ಯ ತನ್ನನ್ನು ಯಾರ ಜೊತೆಗೋ ಸೇರಿಸಿ ನೋಡುತ್ತಿದ್ದಾನೆ ಅನ್ನುವುದಕ್ಕೆ ಸಿಟ್ಟು ಬಂತು. ಆ ಸಿಟ್ಟಿನ ಅಡಿಯಲ್ಲೇ ಸಣ್ಣದೊಂದು ಖುಷಿಯೂ ಬಂತು, ಸುಳ್ಳು ಯಾಕೆ ಹೇಳಬೇಕು.

"ಕೇಳಿಸ್ಕಳಿ ಬೇಕಾದ್ರೆ," ಅಂದು ಅವನು ಕಿವಿಗೆ ಹಾಕುವ ಇಯರ್‌ಬಡ್ ಜೋಡಿಯಲ್ಲಿ ಒಂದನ್ನು ಅವಳ ಅಂಗೈಗೆ ಹಾಕಿದ. ಇನ್ನೊಂದನ್ನು ತಾನೇ ಇಟ್ಟುಕೊಂಡ. ಒಂದೇ ದನಿ ಇಬ್ಬರ ಕಿವಿಯೊಳಗೂ ಶುರುವಾಯಿತು. ಅವನ ತೋಳಿನ ಹತ್ತಿರ ಉಪ್ಪುನೀರಿನ, ಸಬ್ಬಸಿಗೆ ಸೊಪ್ಪಿನ ವಾಸನೆ ಇತ್ತು.

'ಕೆ ಯೊ ಆಬ್ಲೆ,' ಅಂದಿತು ನಾಗಶ್ರೀಯ ದನಿ. ನಾನು ಮಾತಾಡುವಂತಾಗಲಿ, ಅಂತ. ಆಮೇಲೆ ಅವಳು ಉಸಿರೆಳೆದುಕೊಂಡಳು. ಆ ಉಸಿರಿನ ಸಂದಿಯಲ್ಲಿ, ದೂರದಿಂದ, ಬಹಳ ಕಾಲ ಬಾಯಿ ಬಿಡದೆ ಇದ್ದವರು ಬಿಟ್ಟಾಗ ಬರುವಂಥ ಒರಟು ದನಿಯೊಂದು ಅವಳಿಗಿಂತ ಮೊದಲೇ ಮುಂದಿನದನ್ನು ಹೇಳಿತು. 'ಕೆ ತು ಆಬ್ಲೆಸ್.' ನೀನು ಮಾತಾಡುವಂತಾಗಲಿ.

ನಾಗಶ್ರೀ ಡಬ್ಬಿ ಮುಚ್ಚಿದಳು. ಆವತ್ತು ಅವಳು ಊಟ ಮಾಡಲಿಲ್ಲ.

ಲೊಕ್ಕನಹಳ್ಳಿಯ ಹುಡುಗಿಗೆ ಸ್ಪ್ಯಾನಿಷ್ ಯಾಕೆ ಬೇಕಾಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಕೊಳ್ಳೇಗಾಲದ ಹೊರಗೆ ಒಂದು ಕಾರ್ಖಾನೆ ಇದೆ. ಸುತ್ತಲಿನ ಹೊಲಗಳಿಂದ ಬೆರಳುದ್ದದ ಮಿಡಿಸೌತೆ ತಂದು, ಉಪ್ಪುನೀರಿಗೆ ಹಾಕಿ, ಡ್ರಮ್ಮಿನಲ್ಲಿ ತುಂಬಿ ಸ್ಪೇನಿಗೆ ಕಳಿಸುತ್ತಾರೆ. ನಾಗಶ್ರೀ ಅಲ್ಲಿ ಆಫೀಸಿನಲ್ಲಿ ಕೂರುವವಳು. ಕೊಳ್ಳುವವರು ಫೋನಿನಲ್ಲಿ ತಮ್ಮ ಭಾಷೆಯಲ್ಲಿ ಬಡಬಡ ಅಂದಾಗ ಇವಳು 'ಎಸ್ ಸರ್, ಎಸ್ ಸರ್' ಅಂದು ತಪ್ಪು ಲೋಡು ಕಳಿಸಿದ್ದು ಆದಮೇಲೆ, ಮ್ಯಾನೇಜರು ಷಡಕ್ಷರಿಗೆ ಹೇಳಿದರು, ಆಫೀಸಿನವರಿಗೆ ನಾಲ್ಕು ಅಕ್ಷರ ಕಲಿಸಪ್ಪ ಅಂತ. ಷಡಕ್ಷರಿ ಸತ್ತೇಗಾಲದವನು. ಸ್ಪೇನಿನಲ್ಲಿ ಕೊಳ್ಳುವವರ ಕಡೆಯೇ ಕೆಲಸಕ್ಕೆ ಇದ್ದು, ಅಲ್ಲಿಯ ಭಾಷೆ ನುಂಗಿಕೊಂಡು ವಾಪಸು ಬಂದು ಈ ಕಾರ್ಖಾನೆ ಸೇರಿದ್ದ.

ಕೆಲಸ ಮುಗಿದ ಮೇಲೆ ಊಟದ ಕೋಣೆಯಲ್ಲೇ ಕ್ಲಾಸು. ಮೊದಲ ದಿನವೇ ಅವನು ಹೇಳಿದ, "ಈ ಭಾಷೇಲಿ ಹಕಾರ ಬರೀತಾರೆ, ಆದ್ರೆ ಹೇಳಲ್ಲ. ಹಬ್ಲಾರ್ ಅಂತ ಬರೆದು ಅಬ್ಲಾರ್ ಅಂತಾರೆ."

"ಅಂಗಾದ್ರೆ ನಮ್ಮೂರೋರ್ಗೆ ಏಳಿ ಮಾಡ್ಸಿದ ಭಾಷೆ ಸಾ," ಅಂದಿದ್ದಳು ನಾಗಶ್ರೀ. ಇಡೀ ಕೋಣೆ ನಕ್ಕಿತ್ತು. ಷಡಕ್ಷರಿ ನಗಲಿಲ್ಲ, ಅವಳನ್ನು ನೋಡಿದ. ಮೂಗುಬೊಟ್ಟಿನಿಂದ ಶುರುಮಾಡಿ ತುಟಿಯ ಅಂಚಿನ ತನಕ, ಆಮೇಲೆ ಬೋರ್ಡಿನ ಕಡೆಗೆ. ಆ ನೋಟ ಆಮೇಲೆ ಅವಳು ಬಸ್ಸಿನಲ್ಲಿ ಹೋಗುವಾಗಲೂ ಮೈಮೇಲೆ ಇತ್ತು.

ಕ್ರಿಯಾಪದಗಳ ಈ ಹೊಸ ರೂಪ ಶುರುವಾದದ್ದು ಈಚೆಗೆ. "ಇದು ಆದದ್ದನ್ನ ಹೇಳೋದಲ್ಲ," ಅಂದಿದ್ದ ಅವನು. "ಆಗ್ಲಿ ಅಂತ ಆಸೆ ಪಡೋದು. ಆಗ್ಬಿಟ್ಟಾತು ಅಂತ ಹೆದರೋದು. ಆಗುತ್ತೋ ಇಲ್ವೋ ಅನ್ನೋ ಅನುಮಾನ. ನಮ್ಮಲ್ಲಿ ಬರಲಿ, ಹೋಗಲಿ ಅಂತೀವಲ್ಲ, ಹತ್ರತ್ರ ಹಂಗೇ. ಆರ್ ಅಂತ ಮುಗಿಯೋ ಪದಕ್ಕೆ ಎ ಹಚ್ಚಿ, ಎರ್, ಇರ್ ಅಂತ ಮುಗಿಯೋದಕ್ಕೆ ಆ ಹಚ್ಚಿ. ಅವ್ರ ಮನೆ ಹೆಣ್ಣು ಇವ್ರ ಮನೆಗೆ, ಇವ್ರ ಮನೆ ಹೆಣ್ಣು ಅವ್ರ ಮನೆಗೆ. ಅಷ್ಟೇ."

"ಅಷ್ಟೇನಾ ಸಾ?"

"ರೆಗ್ಯುಲರ್ ಪದಗಳಿಗೆ ಅಷ್ಟೇ. ಮತ್ತೆ ಈ ಸಾ ಬಿಡ್ರಿ ನಾಗಶ್ರೀ. ಅಲ್ಲಿ ಎಲ್ರೂ ಹೆಸರು ಹಿಡ್ದು ಕರೀತಾರೆ."

"ಲೊಕ್ಕನಹಳ್ಳೀಲಿ ಕರಿಯಲ್ಲ ಸಾ."

ಅವನು ದಿನಕ್ಕೊಂದು ಸಲ ಇದನ್ನು ಕೇಳುತ್ತಿದ್ದ, ಅವಳು ದಿನಕ್ಕೊಂದು ಸಲ ಹೀಗೇ ಹೇಳುತ್ತಿದ್ದಳು. ಅವಳ ಊರಿನಲ್ಲಿ ಗಂಡಸಿನ ಹೆಸರನ್ನು ಯಾವ ಹೆಂಗಸು ಬಾಯಿಬಿಟ್ಟು ಕರೆಯುವುದಿಲ್ಲವೋ, ಆ ಗಂಡಸು ಅವಳಿಗೆ ಏನಾಗಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಷಡಕ್ಷರಿಗೆ ಗೊತ್ತಿತ್ತೋ ಇಲ್ಲವೋ, ಅವಳಿಗಂತೂ ಗೊತ್ತಿತ್ತು.

ಆವತ್ತು ಸಂಜೆ ಮನೆಗೆ ಹೋದವಳೇ ಅಜ್ಜಿಯ ಪಕ್ಕ ಕೂತಳು. ಕೆಂಪಾಜಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಅಜ್ಜಿ, ನಮ್ಮ ಹೊಲದ ತಾವು ಯಾರಾರ ಓಡಾಡ್ತಾರಾ ಸಂಜೆ ಒತ್ತು?"

"ಯಾಕ್ ಮಗ?"

ನಾಗಶ್ರೀ ಫೋನು ಹಿಡಿದು ಕೇಳಿಸಿದಳು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹೊಲದಲ್ಲಿ ಕಾವಲಿಗೆ ಅಂತ ಮರದ ಮೇಲೆ ಕಟ್ಟಿದ ಅಟ್ಟಣೆಗೆ ಹತ್ತಿದರೆ ಮಾತ್ರ ಸಿಗುತ್ತದೆ, ಹಾಗಾಗಿ ಹೋಂವರ್ಕೆಲ್ಲ ಅಲ್ಲೇ. ಹೊಲದ ಆಚೆಗೆ ಆನೆ ದಾಟದ ಹಾಗೆ ತೋಡಿದ ಕಂದಕ, ಕಂದಕದ ಆಚೆಗೆ ಕಾಡು. ಬಿಳಿಗಿರಿರಂಗನ ಬೆಟ್ಟದ ತನಕ ಅದೇ ಕಾಡು.

ಅಜ್ಜಿ ಕೇಳಿದಳು. ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಹಾಕಿ ಮತ್ತೊಂದು ತೆಗೆದುಕೊಂಡಳು. ಹೆದರಿದ ಹಾಗೆ ಕಾಣಲಿಲ್ಲ, ಅದಕ್ಕೇ ನಾಗಶ್ರೀಗೆ ಭಯವಾಯಿತು.

"ಅದು ಇನ್ನೂ ಅದಾ," ಅಂದಳು. "ನಿಮ್ತಾತ ಕಾವ್ಲಿಗೆ ಓಗ್ತಿದ್ದಾಗ ಅದ್ಕೆ ತಮಿಳು ಬತ್ತಿತ್ತು. ಆಚೆ ಕಡೆಯಿಂದ ದನ ಮೇಯಿಸ್ಕಂಡು ಬರೋರು ಮಾತಾಡದ ಕೇಳಿ ಕಲ್ತಿತ್ತು."

"ಏನಜ್ಜಿ ಅದು?"

"ಏನು ಅಂತ ಯಾರ್ ಕಂಡವ್ರೆ. ಅದ್ಕೆ ಸ್ವಂತ ದನಿ ಇಲ್ಲ ಕಣವ್ವ, ನಮ್ದೇ ಈಸ್ಕತದೆ. ಮೊದ್ಮೊದ್ಲು ಗೊಗ್ರಾಗಿರ್ತದೆ, ಕಲ್ತಂಗೆ ಕಲ್ತಂಗೆ ನಮ್ಮಂಗೇ ಆಯ್ತದೆ. ಎಸರು ಹಿಡ್ದು ಕೂಗುದ್ರೆ ಒಂದ್ಕೂಗ್ಗೆ ಓಗೊಡ್ಬ್ಯಾಡ, ಎರಡ್ಕೂಗ್ಗೂ ಓಗೊಡ್ಬ್ಯಾಡ. ಮೂರ್ನೇದು ಕೂಗಕ್ಕೆ ಅದ್ಕೆ ಉಸ್ರಿಲ್ಲ. ಮೂರ್ನೇ ಕೂಗು ಮನ್ಸರ್ದು."

"ಅಲ್ಲಿ ಏನೂ ಮಾತಾಡ್ಬಾರ್ದಾ ಅಂಗಾದ್ರೆ?"

"ಮಾತಾಡು. ಮನಸ್ನಾಗಿರದ ಮಾತ್ರ ಅಲ್ಲಿ ಆಡ್ಬ್ಯಾಡ."

ಮರುದಿನ ಅವಳು ಇದನ್ನು, ಹೊಲದ ಅಟ್ಟಣೆಯಿಂದ ಹಿಡಿದು ಮೂರು ಕೂಗಿನ ತನಕ, ಕ್ಲಾಸಿನಲ್ಲಿ ತಮಾಷೆಯ ಹಾಗೆ ಹೇಳಿದಳು. ಎಲ್ಲರೂ ನಕ್ಕರು. ಷಡಕ್ಷರಿಯೂ ನಕ್ಕ. "ಪಾಪ, ದೆವ್ವಕ್ಕೂ ಕಲಿಯೋ ಆಸೆ. ಉಚ್ಚಾರಣೆ ನಿಮಗಿಂತ ಚೆನ್ನಾಗಿದೆ," ಅಂದ. ಆದರೆ ಗಂಡಸು ಯಾರೂ ಇಲ್ಲ ಅನ್ನುವುದು ಗೊತ್ತಾದ ಮೇಲೆ ಅವನ ಮುಖ ಎಷ್ಟು ಹಗುರಾಯಿತು ಅಂದರೆ, ಜ್ಯೋತಿಲಕ್ಷ್ಮಿ ಮೇಜಿನ ಅಡಿಯಲ್ಲಿ ನಾಗಶ್ರೀಯ ಕಾಲು ತುಳಿದಳು.

ಸಂಜೆ ಬಸ್‌ಸ್ಟ್ಯಾಂಡಿನ ತನಕ ಅವನೂ ಜೊತೆಗೆ ನಡೆದು ಬಂದ. ಹಾಗೆ ಬಂದದ್ದು ಅದೇ ಮೊದಲು. ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಎರಡು ಲೋಟ ಹೇಳಿದ. ಅವಳು ಕುಡಿಯುವುದನ್ನೇ ನೋಡುತ್ತಾ ತನ್ನದನ್ನು ಕುಡಿಯುವುದನ್ನು ಮರೆತ.

"ಮೀಸೆ ಬಂದದೆ," ಅಂದ.

ಅವಳು ಮೇಲ್ದುಟಿಯ ನೊರೆ ಒರೆಸಿಕೊಂಡಳು. "ಈಗ?"

"ಈಗ್ಲೂ ಅದೆ."

"ಸುಳ್ಳು ಏಳ್ಬ್ಯಾಡಿ ಸಾ."

"ಸುಳ್ಳೇ. ನೋಡ್ತಾ ಇರೋಕೆ ಒಂದು ನೆವ ಬೇಕಿತ್ತು."

ಅವಳು ಖಾಲಿ ಲೋಟವನ್ನೇ ಮತ್ತೆ ತುಟಿಗೆ ಹಿಡಿದಳು. ಅವನು ಲೋಟ ಕೆಳಗಿಟ್ಟ. ಮುಂದಿನ ಮಾತು ಆಡುವಾಗ ಅವನ ಹಕಾರವೆಲ್ಲ ಬಿದ್ದುಹೋಗಿತ್ತು, ಮನಸ್ಸು ಬಿಚ್ಚಿದಾಗ ಅವನೂ ಸತ್ತೇಗಾಲದವನೇ.

"ಭಾನುವಾರ ಯಳಂದೂರ್ಗೆ ಎಣ್ಣು ನೋಡಕ್ಕೆ ಕರ್ಕಂಡು ಓಗ್ತಾವ್ರೆ ಅವ್ವ. ನೋಡುದ್ರೆ ಮುಗೀತು, ಮಾತು ಕೊಟ್ಟಂಗೆ. ಅದ್ಕೂ ಮುಂಚೆ ನಂಗೆ ನಿಮ್ಮಿಂದ ಒಂದ್ ಮಾತು ಬೇಕು ನಾಗಶ್ರೀ. ಬೇಡ ಅಂತಾನಾದ್ರೂ ಏಳಿ."

ಹೇಳಬೇಕಾಗಿದ್ದದ್ದು ಒಂದೇ ಮಾತು. ಅದು ಗಂಟಲಿನ ತನಕ ಬಂದಿತ್ತು ಕೂಡ. ಆದರೆ ಇವರು ಕಾಲುವೆ ನೀರಿನ ಗದ್ದೆಯವರು, ತೆಂಗಿನ ತೋಟದವರು. ತಾವು ಮಳೆ ನಂಬಿ ಜೋಳ ಹಾಕಿ ಆನೆ ಕಾಯುವವರು. ಜಾತಿ ಬೇರೆ. ಹೇಳಿ, ನಾಳೆ ಇವನ ಮನೆಯಲ್ಲಿ ಬೇಡ ಅಂದರೆ, ಮತ್ತೆ ಇದೇ ಆಫೀಸಿನಲ್ಲಿ ಇವನ ಎದುರು ಕೂರುವುದು ಹೇಗೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಸಾ, ಬಸ್ ಬಂತು," ಅಂದಳು.

ಕಿಟಕಿಯಿಂದ ತಿರುಗಿ ನೋಡಿದಾಗ ಅವನು ಗಾಡಿಯ ಹತ್ತಿರ ಹಾಗೇ ನಿಂತಿದ್ದ. ಅವಳಿಗೆ ತನ್ನ ಬಾಯಿಯ ಮೇಲೇ ಅಸಹ್ಯ ಹುಟ್ಟಿತು.

ಆವತ್ತಿನ ಹೋಂವರ್ಕು, 'ಓಹಲಾ' ಅಂತ ಶುರುವಾಗುವ ಕೆಲವು ವಾಕ್ಯಗಳು. ಓಹಲಾ ಅಂದರೆ, ಆಗಲಪ್ಪ ದೇವರೇ, ಅನ್ನುವ ಹಾಗೆ. ಹೊತ್ತು ಇಳಿಯುವಾಗ ಅವಳು ಅಟ್ಟಣೆ ಹತ್ತಿದಳು. ಅಪ್ಪ ಮಾರಯ್ಯ ಹೊಲದ ಆ ತುದಿಯಲ್ಲಿ ಸೌದೆ ಗುಡ್ಡೆ ಹಾಕುತ್ತಿದ್ದ. ಜೋಳ ಆಳುದ್ದ ಬೆಳೆದು ನಿಂತಿತ್ತು. ಗಾಳಿ ಇಲ್ಲದಿದ್ದರೂ ಕಂದಕದ ಹತ್ತಿರದ ಸಾಲುಗಳು ಅಲ್ಲಾಡುತ್ತಿದ್ದವು.

ಮೊದಲು ಅವಳು ಅಜ್ಜಿಯ ಮಾತು ಮೀರಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿದಳು. ಫೋನು ಆನ್ ಮಾಡಿರಲಿಲ್ಲ, ಯಾರಿಗೂ ಕೇಳುವುದಿಲ್ಲ ಅನ್ನುವ ಧೈರ್ಯ. ಕನ್ನಡದಲ್ಲಿ ಹೇಳಲು ನಾಚಿಕೆ, ಸ್ಪ್ಯಾನಿಷ್‌ನಲ್ಲಿ ಹೇಳಿದರೆ ಬೇರೆ ಯಾರೋ ಹೇಳಿದ ಹಾಗೆ. 'ಓಹಲಾ ಕೆ ಮೆ ಎಸ್ಪೇರೆ.' ಅವನು ನನಗಾಗಿ ಕಾಯಲಿ. 'ಓಹಲಾ ಕೆ ನೊ ಸೆ ಕಾಸೆ.' ಅವನು ಮದುವೆಯಾಗದೆ ಇರಲಿ. 'ಕೆ ಸೂಬಾ.' ಹತ್ತಿ ಬರಲಿ, ಇಲ್ಲಿಗೆ, ನನ್ನ ಹತ್ತಿರಕ್ಕೆ. "ಸಾ," ಅಂತ ಒಮ್ಮೆ ಸುಮ್ಮನೆ ಕರೆದಳು. "ಬನ್ನಿ ಸಾ." ಅತ್ತಳು.

ಕಣ್ಣು ಒರೆಸಿಕೊಂಡು, ಫೋನು ಆನ್ ಮಾಡಿ, ಸುರಕ್ಷಿತವಾದ ವಾಕ್ಯಗಳನ್ನು ಹೇಳಿದಳು. ಮೋಡ ಇಳಿಯಲಿ. ಆನೆಗಳು ದಾಟದಿರಲಿ. ಬೆಲೆ ಏರಲಿ. ಕೇಳಿಸಿಕೊಂಡು ನೋಡುವ ಮನಸ್ಸಾಗಲಿಲ್ಲ. ಕಳಿಸಿಬಿಟ್ಟಳು.

ಮರುದಿನ, ಶನಿವಾರ, ಅವಳು ಕೆಲಸಕ್ಕೆ ಹೋಗಲಿಲ್ಲ, ತಲೆನೋವು ಅಂದಳು. ಸಂಜೆ ಆಗುತ್ತಲೇ ಅಟ್ಟಣೆ ಹತ್ತಿ ಕೂತಳು. ನಾಳೆ ಬೆಳಗಾದರೆ ಯಳಂದೂರು. ಫೋನಿಗೆ ನೆಟ್‌ವರ್ಕ್ ಬಂದದ್ದೇ ಅವನ ಮೆಸೇಜು ಒಂದರ ಹಿಂದೆ ಒಂದು ಬಿತ್ತು.

'ಕೇಳಿದೆ. ಮತ್ತೆ ಮತ್ತೆ ಕೇಳಿದೆ. ಬಾಯಲ್ಲಿ ಹೇಳೋಕೆ ಆಗದ್ದನ್ನ ಹೋಂವರ್ಕಿನ ಅಡೀಲಿ ಇಟ್ಟು ಕಳಿಸಿದ್ರಲ್ಲ.'

'ಬರ್ತಾ ಇದೀನಿ.'

ಅವಳಿಗೆ ಅರ್ಥವಾಗಲಿಲ್ಲ. ತಾನು ಕಳಿಸಿದ್ದನ್ನು ತೆಗೆದು ಕಿವಿಗೆ ಹಿಡಿದಳು. ಮೋಡ ಇಳಿಯಲಿ, ಅಂದಿತು ಅವಳ ದನಿ. ಆ ವಾಕ್ಯ ಮುಗಿದು ಮುಂದಿನದು ಶುರುವಾಗುವ ಮುಂಚೆ, ಸ್ವಲ್ಪ ದೂರದಿಂದ, ಅವಳದೇ ದನಿ ಹೇಳಿತು: 'ಓಹಲಾ ಕೆ ಮೆ ಎಸ್ಪೇರೆ.' ಆನೆ ದಾಟದಿರಲಿ. 'ಓಹಲಾ ಕೆ ನೊ ಸೆ ಕಾಸೆ.' ಬೆಲೆ ಏರಲಿ. 'ಕೆ ಸೂಬಾ.' ಒರಟು ಎಲ್ಲ ಹೋಗಿತ್ತು. ಅವಳು ಅತ್ತಾಗ ಮೂಗಿನಲ್ಲಿ ಬರುವ ಸಣ್ಣ ನಡುಕ ಕೂಡ ಅದರಲ್ಲಿತ್ತು.

ಕೆಳಗೆ, ಗಾಡಿ ದಾರಿಯಲ್ಲಿ, ಬೈಕು ನಿಂತ ಸದ್ದಾಯಿತು.

ಬಿಸಿಲು ಹೋಗಿ ಇನ್ನೂ ಬೆಳಕಿತ್ತು. ಮೇಲಿನಿಂದ ಅವಳಿಗೆ ಅವನ ತಿಳಿನೀಲಿ ಅಂಗಿ ಜೋಳದ ಮಧ್ಯೆ ಕಂಡು ಮರೆಯಾಗುತ್ತಿತ್ತು. ಜೋಳದೊಳಗೆ ಹೊಕ್ಕವನಿಗೆ ಅಟ್ಟಣೆ ಕಾಣುವುದಿಲ್ಲ. ಅವನು ನಿಂತು ಸುತ್ತ ನೋಡಿದ.

"ಬನ್ನಿ ಸಾ," ಅಂದಿತು ಅವಳ ದನಿ.

ನಾಗಶ್ರೀ ಬಾಯಿ ತೆರೆದಿರಲಿಲ್ಲ.

ದನಿ ಬಂದದ್ದು ಕಂದಕದ ಕಡೆಯಿಂದ. ಅವನು ಆ ಕಡೆಗೆ ತಿರುಗಿದ. ಹೆಜ್ಜೆ ಚುರುಕಾಯಿತು, ಒಂದು ದೊಡ್ಡ ಗರಿಯನ್ನು ಕೈಯಿಂದ ಸರಿಸಿ ಹೊರಟೇಬಿಟ್ಟ.

"ಸಾ," ಅಂತ ಕೂಗಿದಳು ಅವಳು. "ಅತ್ಲಾಗ್ ಓಗ್ಬ್ಯಾಡಿ ಸಾ. ಇಲ್ಲಿ."

"ಸಾ," ಅಂದಿತು ಆ ಕಡೆಯಿಂದ. "ಇಲ್ಲಿ."

ಅವನು ನಿಂತ. ಎರಡೂ ಒಂದೇ ದನಿ. ಬಲಗಡೆಯದು ಬೇಡ ಅನ್ನುತ್ತಿತ್ತು, ಗಾಬರಿಯಲ್ಲಿ ಒಡೆದಿತ್ತು. ಎಡಗಡೆಯದು ಮೆತ್ತಗೆ, ಹಠವಿಲ್ಲದೆ, ಬನ್ನಿ ಅನ್ನುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಉತ್ತರ ಸಿಗದೆ ನಿಂತಿದ್ದ ಗಂಡಸಿಗೆ ಯಾವುದು ಬೇಕಾಗಿತ್ತು ಅಂತ ಬೇರೆ ಹೇಳಬೇಕೆ? ಅವನು ಎಡಗಡೆಗೆ ನಡೆದ.

ಕಂದಕ ಅಲ್ಲಿ ಎರಡಾಳು ಆಳ. ಅಂಚಿನ ತನಕ ಹುಲ್ಲು ಬೆಳೆದಿದೆ, ಗೊತ್ತಿಲ್ಲದವರಿಗೆ ಗೊತ್ತಾಗುವುದು ಬಿದ್ದ ಮೇಲೆ. ಆಚೆ ದಡದಲ್ಲಿ ಬಿದಿರಿನ ಮೆಳೆ ಸುಮ್ಮನೆ ಒಂದು ಪಕ್ಕಕ್ಕೆ ವಾಲಿತ್ತು, ಅದರ ಹಿಂದೆ ಯಾರೋ ಕೈಯಿಂದ ಹಿಡಿದು ಬಗ್ಗಿಸಿದ ಹಾಗೆ. ಆನೆಯಾಗಿದ್ದರೆ ಸದ್ದಾಗಬೇಕಿತ್ತು. ಸದ್ದಿರಲಿಲ್ಲ.

ನಾಗಶ್ರೀ ಏಣಿಯ ಮೇಲೆ ಕಾಲಿಟ್ಟಳು. ಇಳಿದು ಓಡುವಷ್ಟರಲ್ಲಿ ಅವನು ಅಂಚಿಗೆ ಹೋಗಿರುತ್ತಾನೆ. ಮತ್ತೆ ಕೂಗೋಣ ಅಂದರೆ, ಇಲ್ಲಿ ಕೂತು ತಾನು ಆಡಿದ ಮಾತೆಲ್ಲ ಅದರ ಹತ್ತಿರ ಇದೆ. ಸಾ ಅಂದರೆ ಅದೂ ಸಾ ಅನ್ನುತ್ತದೆ. ಇಂಥವರು ಅಂತ ಗುರುತು ಹೇಳುವ ಕೂಗು ಬೇಕು, ಹೆಸರು ಹಿಡಿದ ಕೂಗು, ಅದೂ ಅದರ ಉಸಿರು ಮೀರಿದ ಮೂರನೆಯ ಕೂಗು. ಸುತ್ತಲಿನ ಹೊಲಗಳ ಅಟ್ಟಣೆಗಳಲ್ಲೆಲ್ಲ ಜನ ಹತ್ತಿ ಕೂತಿದ್ದರು. ಅಪ್ಪ ಆ ತುದಿಯಲ್ಲಿದ್ದ. ಅವಳಿಗೆ ನಾಚಿಕೆ ಆಯಿತು, ಆ ಹೊತ್ತಿನಲ್ಲೂ. ಆಮೇಲೆ ಅವನು ಇನ್ನಿಲ್ಲವಾದರೆ ಅನ್ನುವುದು ಹೊಳೆದು ನಾಚಿಕೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

"ಷಡಕ್ಷರೀ," ಅಂತ ಕೂಗಿದಳು.

ನೀಲಿ ಅಂಗಿ ನಿಂತಿತು.

"ಷಡಕ್ಷರೀ," ಅಂದಿತು ಕಂದಕದ ಆಚೆಯ ದನಿ, ಕೂಡಲೇ, ಅಕ್ಕರೆಯಿಂದ.

"ಷಡಕ್ಷರೀ," ಅಂದಳು ಅವಳು, ಎರಡನೆಯ ಸಲ, ಮತ್ತೆ ಅಟ್ಟಣೆಗೆ ಹತ್ತಿ ನಿಂತು, ಗಂಟಲು ಹರಿಯುವ ಹಾಗೆ.

"ಷಡಕ್ಷರೀ," ಅಂದಿತು ಅದು. ಈ ಸಲ ಕೊನೆಯ ಅಕ್ಷರ ಗಾಳಿಯಲ್ಲಿ ಸವೆದುಹೋಯಿತು.

ಅವನು ಅಲುಗಾಡಲಿಲ್ಲ. ತಲೆ ತಗ್ಗಿಸಿ ಕಾಯುತ್ತಿದ್ದ. ಕ್ಲಾಸಿನಲ್ಲಿ ನಕ್ಕು ಬಿಟ್ಟಿದ್ದ ಮಾತು ಈಗ ಅವನಿಗೆ ನಗುವಿನದಾಗಿ ಉಳಿದಿರಲಿಲ್ಲ.

"ಷಡಕ್ಷರೀ."

ಮೂರನೆಯ ಕೂಗು ಹೊಲದ ಮೇಲೆ ಹೋಯಿತು, ಕಾಡಿಗೆ ತಾಗಿತು. ಕಾಡು ಏನೂ ಹೇಳಲಿಲ್ಲ. ಬಿದಿರು ಮೆಲ್ಲಗೆ ನೆಟ್ಟಗಾಯಿತು. ಷಡಕ್ಷರಿ ತಿರುಗಿದ. ಬಂದ ದಾರಿಯಲ್ಲೇ, ಜೋಳ ತುಳಿಯುತ್ತಾ, ಅವಳ ದನಿಯ ಕಡೆಗೆ ಓಡಿ ಬಂದ.

ಮರದ ಕೆಳಗೆ ಬಂದು ನಿಂತಾಗ ಅವನ ಒಂದು ಚಪ್ಪಲಿ ಇರಲಿಲ್ಲ. ಆ ಕಾಲಿಗೆ ಕಂದಕದ ಅಂಚಿನ ಕೆಮ್ಮಣ್ಣು ಮೆತ್ತಿತ್ತು. ಅವಳು ಏಣಿ ಇಳಿದು ಅವನ ಎರಡೂ ತೋಳು ಹಿಡಿದು ನೋಡಿದಳು, ಮುಖ ನೋಡಿದಳು, ಮತ್ತೆ ತೋಳು ನೋಡಿದಳು.

"ಅಲ್ಲಿ ನೀವು ಕೈ ಚಾಚಿ ನಿಂತಿದ್ರಿ ನಾಗಶ್ರೀ," ಅಂದ ಅವನು. "ಸೀರೆ ಉಟ್ಟಿದ್ರಿ. ಕಂದಕದ ಆಚೆ."

"ನಾನು ಚೂಡಿದಾರ್ ಆಕಿವ್ನಿ," ಅಂದಳು ಅವಳು.

ಅವನು ಅವಳ ಬಟ್ಟೆ ನೋಡಿದ. ಆಮೇಲೆ ಬಹಳ ಹೊತ್ತು ಅವನು ಬೇರೆ ಎಲ್ಲೂ ನೋಡಲಿಲ್ಲ.

"ನಂಗೆ ಆಸೆ ಅದೆ," ಅಂದಳು ನಾಗಶ್ರೀ. ಮೂರು ಸಲ ಹೆಸರು ಕೂಗಿದ ಬಾಯಿಗೆ ಈಗ ಯಾವ ತಡೆಯೂ ಇರಲಿಲ್ಲ. "ನೀವು ಮೊದ್ಲ ದಿನ ನೋಡಿದ್ರಲ್ಲ, ಅವತ್ತಿಂದ ಅದೆ. ಬಸ್‌ಸ್ಟ್ಯಾಂಡಲ್ಲೇ ಏಳ್ಬೇಕಿತ್ತು. ಎದ್ರುಕಂಡೆ. ಯಳಂದೂರ್ಗೆ ಓಗ್ಬ್ಯಾಡಿ."

"ಓಗಲ್ಲ," ಅಂದ ಅವನು.

ಜೋಳ ಸರಿಯಿತು. ಟಾರ್ಚು ಹಿಡಿದು ಮಾರಯ್ಯ ಬಂದ. ಮಗಳ ಕೈ ಎಲ್ಲಿದೆ ಅನ್ನುವುದನ್ನು ಮೊದಲು ನೋಡಿದ. ಅವಳು ಬಿಡಲಿಲ್ಲ.

"ಯಾರಪ್ಪ ನೀನು?"

"ಷಡಕ್ಷರಿ ಅಂತ. ಸತ್ತೇಗಾಲ."

"ಎಸರು ಗೊತ್ತಾಯ್ತು. ಲೊಕ್ಕನಳ್ಳಿಗೆಲ್ಲ ಗೊತ್ತಾಯ್ತು." ಮಾರಯ್ಯ ಟಾರ್ಚು ಆರಿಸಿದ. ಷಡಕ್ಷರಿಯ ಕಾಲಿನ ಕೆಮ್ಮಣ್ಣು ಕಂಡಿತ್ತು, ಏನು ನಡೆಯಿತು ಅಂತ ಕೇಳಲಿಲ್ಲ. "ನಾಳೆ ಬೆಳಗಾದ್ರೆ ನಾಕು ಜನ ನನ್ನ ಕೇಳ್ತಾರೆ, ನಿನ್ ಮಗಳು ಯಾರ ಎಸರು ಕೂಗುದ್ಲು ಅಂತ. ನಾನೇನ್ ಏಳ್ಲಿ?"

"ಮದುವೆ ಆಗೋ ಗಂಡಿನ ಎಸರು ಅಂತ ಏಳಿ."

"ನಿಮ್ಮನೇಲಿ ಒಪ್ತಾರಾ?"

ಷಡಕ್ಷರಿ ಉತ್ತರ ಕೊಡಲು ತಡಮಾಡಿದ. ಸುಳ್ಳು ಹೇಳುವವನಾಗಿದ್ದರೆ ತಡವಾಗುತ್ತಿರಲಿಲ್ಲ, ಅದು ಮಾರಯ್ಯನಿಗೆ ಹಿಡಿಸಿತು.

"ಗೊತ್ತಿಲ್ಲ. ಅವ್ವಂಗೆ ಏಳ್ತೀನಿ."

"ಯಾವಾಗ ಏಳ್ತೀಯ? ಮ್ಯಾಲಕ್ಕತ್ತು. ಅಲ್ಲಿ ನೆಟ್‌ವರ್ಕ್ ಅದೆ."

ಮೂವರೂ ಅಟ್ಟಣೆ ಹತ್ತಿ ಕೂತರು, ನಡುವೆ ಮಾರಯ್ಯ. "ಸ್ಪೀಕರ್ಗಾಕು, ನಾನೂ ಕೇಳ್ಬೇಕು," ಅಂದ. ಫೋನು ರಿಂಗಾಯಿತು. ಆ ಕಡೆ ಅವನ ಅವ್ವ ಶಂಕರಮ್ಮ ಎತ್ತಿದಳು, ಹಿಂದೆ ಯಾವುದೋ ಸೀರಿಯಲ್ಲಿನ ಸದ್ದು.

"ಎಲ್ಲಿದ್ದೀಯ ಮಗಾ? ಬೆಳಗ್ಗೆ ಬೇಗ ಒರಡ್ಬೇಕು."

"ಅವ್ವ, ಯಳಂದೂರ್ಗೆ ಬರಲ್ಲ ನಾನು. ಒಬ್ಬರನ್ನ ಒಪ್ಕಂಡಿವ್ನಿ."

ಸೀರಿಯಲ್ಲಿನ ಸದ್ದು ನಿಂತಿತು. "ಯಾರ ಪೈಕಿ?"

"ನಮ್ಮೋರಲ್ಲ ಅವ್ವ. ಲೊಕ್ಕನಹಳ್ಳಿಯೋರು."

ಲೈನು ಕಟ್ಟಾಯಿತೇ ಅಂತ ಮಾರಯ್ಯ ಫೋನಿನ ಹತ್ತಿರ ಬಗ್ಗಿ ನೋಡಿದ.

"ಆ ಉಡ್ಗಿ ಅಲ್ಲೇ ಅವ್ಳಾ? ಕೊಡು ಅವ್ಳ ಕೈಗೆ."

ನಾಗಶ್ರೀ ಫೋನು ತೆಗೆದುಕೊಂಡಳು.

"ಏನವ್ವ ನಿನ್ನೆಸರು?"

"ನಾಗಶ್ರೀ."

"ನನ್ ಮಗ ನಿಂಗೆ ಬೇಕಾ?"

ಆಗಲಿ, ಬರಲಿ, ಇರಲಿ ಅನ್ನುವ ಮಾತುಗಳೆಲ್ಲ ಮುಗಿದಿದ್ದವು. "ಬೇಕು," ಅಂದಳು ನಾಗಶ್ರೀ.

ಶಂಕರಮ್ಮ ನಿಟ್ಟುಸಿರು ಬಿಟ್ಟದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. "ಒಪ್ಕಂಡೆ ಅಂತಲ್ಲ ಕಣವ್ವ ಇದು. ನಂಗೆ ಒಟ್ಟೆ ಉರೀತಾ ಅದೆ. ಯಳಂದೂರೋರ್ಗೆ ಏನಂತ ಮೊಕ ತೋರ್ಸ್ಲಿ ನಾನು?" ಸ್ವಲ್ಪ ತಡೆದಳು. "ಬೆಳಗ್ಗೆ ನಿಮ್ಮಪ್ಪನ್ನೂ ಕರ್ಕಂಡು ಬಾ. ನಿನ್ ಮೊಕ ನೋಡ್ಬೇಕು. ನೋಡ್ಬುಟ್ಟು ಏಳ್ತೀನಿ."

ಶಂಕರಮ್ಮ ಫೋನು ಇಟ್ಟಳು.

ಮಾರಯ್ಯ ಎದ್ದು ಏಣಿ ಇಳಿದ. "ಇವತ್ತು ನಮ್ಮನೇಲೇ ಮಲೀಕ. ಈ ಒತ್ತಲ್ಲಿ ಕಾಡ್ ದಾರೀಲಿ ಬೈಕ್ ಬ್ಯಾಡ," ಅಂದ, ಹಿಂದೆ ನೋಡದೆ ಮುಂದೆ ಮುಂದೆ ನಡೆದ. ಬೇಕೆಂದೇ ಮುಂದೆ ಹೋಗುತ್ತಿದ್ದಾನೆ ಅನ್ನುವುದು ಇಬ್ಬರಿಗೂ ಗೊತ್ತಾಯಿತು. ಷಡಕ್ಷರಿ ಒಂದು ಚಪ್ಪಲಿಯಲ್ಲಿ ಕುಂಟುತ್ತಾ ಅವಳ ಪಕ್ಕದಲ್ಲಿ ನಡೆದ. ಅವಳ ಬೆರಳುಗಳು ಅವನ ಬೆರಳಿನ ಮಧ್ಯೆ ಇದ್ದವು.

"ಇನ್ನೊಂದ್ಸಲ ಕರೀರಿ," ಅಂದ ಮೆಲ್ಲಗೆ.

"ಮನೆಗೋದ್ಮ್ಯಾಲೆ," ಅಂದಳು ಅವಳು. "ಇಲ್ಲಿ ಬ್ಯಾಡ."

ಅವನು ನಕ್ಕ. ಅವಳಿಗೂ ನಗು ಬಂತು. ಎಷ್ಟೋ ದಿನದಿಂದ ಎದೆಯಲ್ಲಿ ಕೂತಿದ್ದದ್ದು ಇಳಿದ ಹಾಗೆ ಆಗಿತ್ತು, ಹಸಿವು ಕೂಡ ಆಗುತ್ತಿತ್ತು.

ಜೋಳದ ಸಾಲು ಮುಗಿಯುವ ಕಡೆ, ಹಿಂದಿನಿಂದ, ಕಂದಕದ ಹತ್ತಿರದಿಂದ, ವಯಸ್ಸಾದ ಹೆಂಗಸೊಬ್ಬಳ ದನಿ ಬಂತು. ಸ್ವಲ್ಪ ಗೊಗ್ಗರಾಗಿತ್ತು, ಈಗ ತಾನೇ ಕಲಿತ ದನಿ.

"ಎಲ್ಲಿದ್ದೀಯ ಮಗಾ?"

ಷಡಕ್ಷರಿಯ ಕಾಲು ನಿಂತಿತು. ಅವ್ವ ಕರೆದರೆ ನಿಲ್ಲದ ಮಗ ಇರುತ್ತಾನೆಯೇ? ಕತ್ತು ಅರ್ಧ ತಿರುಗಿತ್ತು.

ನಾಗಶ್ರೀ ಕೈ ಬಿಗಿಮಾಡಿದಳು.

"ನಿಮ್ಮವ್ವ ಸತ್ತೇಗಾಲದಲ್ಲವ್ರೆ," ಅಂದಳು. "ನಡೀರಿ."